ಕಣ್ಣಾಲಿಯ ಚಿಕಿತ್ಸೆ

೨೦೨೪ನೆಯ ಇಸವಿಯ ಫೆಬ್ರವರಿಯಿಂದ ಏಪ್ರಿಲಿನವರೆಗೆ ನಾನು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೆನು. ಊರಿಗೆ ಹಿಂದಿರುಗಿದ ದಿನ ಬಸ್ಸಿನಿಂದಿಳಿದು ಮನೆಯನ್ನು ಸೇರುವಷ್ಟರಲ್ಲಿ ನಾಲ್ಕು ಮಂದಿ ನನ್ನನ್ನು ತಡೆದು ನಿಲ್ಲಿಸಿ, "ಪೊರೆ ತೆಗೆಸಿದಿರಂತೆ ಮೇಷ್ಟ್ರೇ, ಈಗ ಹೇಗೆ ಕಾಣುತ್ತದೆ?" ಎಂದು ವಿಚಾರಿಸಿದರು. ನನ್ನ ಹೆಂಡತಿಯು ನೆರೆಮನೆಯಲ್ಲಿ "ಕಣ್ಣಿನದೇನೋ ಚಿಕಿತ್ಸೆಯಂತೆ" ಎಂದು ಹೇಳಿದ್ದುದೇ ಈ ಸುದ್ದಿಗೆ ಮೂಲ. ಅವಳು ಹೇಳಿದುದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. "ಈಗ ಚೆನ್ನಾಗಿ ಕಾಣುತ್ತದೆ" ಎಂದು ಎಲ್ಲರಿಗೂ ಒಂದೇ ಉತ್ತರವನ್ನು ಕೊಟ್ಟು ಪಾರಾದೆನು.

ಒಂದೆರಡು ತಿಂಗಳಲ್ಲಿ ನಿಜಸಂಗತಿಯು ಹೇಗೋ ಹೊರಬಿದ್ದಿತು. ಆಗ ಇಬ್ಬರು, ಬೇರೆ ಬೇರೆಯಾಗಿ, ಸಂಜೆ ಕತ್ತಲಾದ ಮೇಲೆ ನಮ್ಮ ಮನೆಗೆ ಬಂದರು. ಅವರ ಹೆಸರೂ ಬೇಡ, ಅವರ ಕಷ್ಟವೂ ಇಲ್ಲಿ ಬೇಡ. ಇಬ್ಬರೂ ಕೇಳಿದ ಪ್ರಶ್ನೆಗಳು ಮಾತ್ರ ಒಂದೇ: ಅಲ್ಲಿ ಏನು ಮಾಡುತ್ತಾರೆ? ನಡೆದುದನ್ನೆಲ್ಲ ಬಾಯಿಬಿಟ್ಟು ಹೇಳಲೇಬೇಕೇ? ಇದು ಮಂಕುಬೂದಿಯಂಥ ವಿದ್ಯೆಯೇ? ಆಮೇಲೆ ಎಲ್ಲವೂ ಮರೆತು ಹೋಗುತ್ತದೆಯೇ? ಈ ಕೊನೆಯ ಪ್ರಶ್ನೆಯನ್ನು ಕೇಳುವಾಗ ಇಬ್ಬರ ಧ್ವನಿಯಲ್ಲಿಯೂ ಆಸೆಗಿಂತ ಭಯವೇ ಹೆಚ್ಚಾಗಿದ್ದಿತು. ಅದನ್ನು ಕಂಡು, ನಮ್ಮ ಸಂಘದ ಕಾರ್ಯದರ್ಶಿಗಳು ಬಹುದಿನಗಳಿಂದ ಕೇಳುತ್ತಿದ್ದ ಲೇಖನವನ್ನು ಈ ವಿಷಯವಾಗಿಯೇ ಬರೆದುಕೊಡಬೇಕೆಂದು ನಿಶ್ಚಯಿಸಿದೆನು. ನಾನು ವೈದ್ಯನಲ್ಲ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತನಾದವನು. ವಾಚಕರು ಇದನ್ನು ಒಬ್ಬ ರೋಗಿಯ ಸಾಕ್ಷ್ಯವೆಂದು ಓದಿಕೊಳ್ಳಬೇಕು.

೨೦೧೯ನೆಯ ಆಗಸ್ಟಿನ ಆಶ್ಲೇಷಾ ಮಳೆಯು ಮಲೆನಾಡಿನವರಿಗೆ ಮರೆಯುವಂತಹುದಲ್ಲ. ನಮ್ಮ ತೋಟಕ್ಕೂ ಮನೆಗೂ ನಡುವೆ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ಮಕ್ಕಳು ಹಾರಿ ದಾಟುವಷ್ಟು ನೀರು. ಮಳೆಗಾಲಕ್ಕೆಂದು ಎರಡು ದಿಮ್ಮಿಗಳ ಕಾಲುಸಂಕವನ್ನು ಹಾಕಿದ್ದೆವು. ಆ ದಿನ ಹಳ್ಳವು ಏರುತ್ತಿರುವುದನ್ನು ಕಂಡು, ಆಚೆ ದಡದ ಕೊಟ್ಟಿಗೆಯಲ್ಲಿದ್ದ ದನಗಳ ಹಗ್ಗವನ್ನು ಬಿಚ್ಚಿ ಗುಡ್ಡದ ಕಡೆಗೆ ಅಟ್ಟಿ ಬರಲೆಂದು ನಾನೂ ನನ್ನ ತಮ್ಮನೂ ನೆರೆಯವನೊಬ್ಬನೂ ಹೋದೆವು. ಹಿಂದಿರುಗುವಾಗ ನೆರೆಯವನೂ ನಾನೂ ಮೊದಲು ದಾಟಿದೆವು. ತಮ್ಮನು ನಡುವಿಗೆ ಬಂದಾಗ ಆಚೆಯ ದಡವು ಕುಸಿದು ಸಂಕವು ವಾಲಿತು. ನಾನು ಈಚೆಯ ಮಣ್ಣಿನ ಮೇಲೆ ಬೋರಲು ಬಿದ್ದು ಅವನ ಎಡಗೈಯ ಮಣಿಕಟ್ಟನ್ನು ಹಿಡಿದೆನು. ನೆರೆಯವನು ನನ್ನ ಕಾಲುಗಳನ್ನು ಹಿಡಿದನು. ಎಷ್ಟು ಹೊತ್ತು ಹಾಗಿದ್ದೆವೋ ಹೇಳಲಾರೆನು. ಆಮೇಲೆ ಅವನು ಇರಲಿಲ್ಲ. ಮೂರನೆಯ ದಿನ ಕೆಳಗಿನ ಊರಿನವರು ಅವನನ್ನು ಕಂಡರು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ನಾನೇ ಎತ್ತಿ ಆಡಿಸಿದ ಹುಡುಗ.

ದುಃಖವೆಂಬುದು ಎಲ್ಲರ ಮನೆಗೂ ಬರುತ್ತದೆ, ಕಾಲಕ್ರಮದಲ್ಲಿ ಮೆಲ್ಲಗಾಗುತ್ತದೆ ಎಂದು ಕೇಳಿದ್ದೆನು. ನನ್ನದು ಮೆಲ್ಲಗಾಗಲಿಲ್ಲ. ಹೆಂಚಿನ ಮೇಲೆ ಮಳೆ ಬಿದ್ದ ಒಡನೆಯೇ ನಾನು ಜಗಲಿಯಲ್ಲಿರುತ್ತಿರಲಿಲ್ಲ, ಹಳ್ಳದ ದಡದಲ್ಲಿರುತ್ತಿದ್ದೆನು. ನೆನಪಾಗುತ್ತಿತ್ತು ಎಂದರೆ ಸರಿಯಾಗದು; ನೆನಪಿಗೆ ಒಂದು ದೂರವಿರುತ್ತದೆ, ಇದಕ್ಕೆ ಇರಲಿಲ್ಲ. ಬೆಳಗ್ಗೆ ಏಳುವಾಗ ಬಲಗೈ ಮುಷ್ಟಿ ಕಟ್ಟಿರುತ್ತಿತ್ತು. ಉಗುರು ಅಂಗೈಯಲ್ಲಿ ನೆಟ್ಟಿರುತ್ತಿತ್ತು. ಸೇತುವೆಗಳನ್ನು ತಪ್ಪಿಸಲು ಮೂರು ಮೈಲಿ ಸುತ್ತಿ ಹೋಗುತ್ತಿದ್ದೆನು. ಮದುವೆಮನೆಗಳಲ್ಲಿ ಯಾರಾದರೂ ಕೈ ಹಿಡಿದು ಮಾತನಾಡಿಸಿದರೆ ಮೈ ಬೆವರುತ್ತಿತ್ತು. ಮಡದಿಯು ಇವೆಲ್ಲವನ್ನೂ ನೋಡಿಯೂ ನೋಡದವಳಂತೆ ನಾಲ್ಕು ವರ್ಷ ಸಹಿಸಿದಳು.

ಅದನ್ನೂ ಹಾಗೆಯೇ ಸಾಗಿಸುತ್ತಿದ್ದೆನೇನೋ. ಆದರೆ ೨೦೨೩ರ ದೀಪಾವಳಿಯ ರಾತ್ರಿ ತಮ್ಮನ ಮಗಳು ನನ್ನ ಬಳಿ ಕುಳಿತು, "ದೊಡ್ಡಪ್ಪಾ, ಆ ದಿನ ಏನಾಯಿತು ಎಂದು ನೀವು ಒಮ್ಮೆಯೂ ಹೇಳಿಲ್ಲ. ನನಗೆ ಈಗ ಹದಿನೇಳು. ಇನ್ನೂ ಚಿಕ್ಕವಳೇ?" ಎಂದು ಕೇಳಿದಳು. ನಾನು ಬಾಯಿ ತೆರೆದೆನು, ಧ್ವನಿ ಹೊರಡಲಿಲ್ಲ. ಎದ್ದು ಒಳಗೆ ಹೋಗಿಬಿಟ್ಟೆನು. ತಂದೆಯ ಕಡೆಯ ಗಳಿಗೆಯ ಸುದ್ದಿಯನ್ನು ಬಲ್ಲ ಒಬ್ಬ ಬಂಧುವು ಅದನ್ನು ಆ ಮಗುವಿಗೆ ಕೊಡಲಾರದೆ ಬಚ್ಚಿಟ್ಟುಕೊಂಡಿದ್ದನು. ಆ ರಾತ್ರಿ ಮಗಳಿಗೆ ಫೋನು ಮಾಡಿ, ನನ್ನನ್ನು ಯಾರಿಗಾದರೂ ತೋರಿಸು ಎಂದೆನು.

ಈ ಚಿಕಿತ್ಸೆಯ ಹುಟ್ಟಿನ ಕಥೆಯು ಸ್ವಲ್ಪ ವಿಚಿತ್ರವಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರಾನ್ಸೀನ್ ಶಪಿರೋ ಎಂಬ ಮನಶ್ಶಾಸ್ತ್ರದ ವಿದ್ಯಾರ್ಥಿನಿಯು ೧೯೮೭ರಲ್ಲಿ ಉದ್ಯಾನವೊಂದರಲ್ಲಿ ನಡೆಯುತ್ತಿದ್ದಾಗ, ತನ್ನನ್ನು ಕಾಡುತ್ತಿದ್ದ ಆಲೋಚನೆಗಳು ತಾವಾಗಿಯೇ ಮೊಂಡಾದುದನ್ನೂ, ಆ ಹೊತ್ತಿನಲ್ಲಿ ತನ್ನ ಕಣ್ಣಾಲಿಗಳು ಅತ್ತಿಂದಿತ್ತ ವೇಗವಾಗಿ ಓಡಾಡುತ್ತಿದ್ದುದನ್ನೂ ಗಮನಿಸಿದರಂತೆ. ೧೯೮೯ರಲ್ಲಿ ಇಪ್ಪತ್ತೆರಡು ಮಂದಿಯ ಮೇಲಿನ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಆ ಮೇಲೆ ಎಂಟು ಹಂತಗಳ ಕ್ರಮವನ್ನು ಕಟ್ಟಿ ಅದಕ್ಕೆ ಇ.ಎಂ.ಡಿ.ಆರ್. ಎಂಬ ಹೆಸರನ್ನಿಟ್ಟರು. ೨೦೧೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆಘಾತದ ತರುವಾಯದ ಮನೋವ್ಯಥೆಗೆ ಇದನ್ನು ಶಿಫಾರಸು ಮಾಡಿತು. ಶಪಿರೋ ೨೦೧೯ರಲ್ಲಿ ತೀರಿಕೊಂಡರು. ನಮ್ಮ ತಮ್ಮನು ಹೋದ ವರ್ಷವೂ ಅದೇ ಎಂಬುದನ್ನು ಓದಿದಾಗ ನನಗೆ ಏನೋ ಒಂದು ಬಗೆಯಾಯಿತು. ಅದಕ್ಕೆ ಅರ್ಥವೇನೂ ಇಲ್ಲ.

ನನಗೆ ದೊರೆತ ಚಿಕಿತ್ಸಕರು ಧಾರವಾಡದ ಕಡೆಯ ಒಬ್ಬ ಮಹಿಳೆ. ನನ್ನ ಮಗಳಿಗಿಂತ ಹತ್ತು ವರ್ಷ ಹಿರಿಯರಿರಬಹುದು. ಕನ್ನಡ ಬಲ್ಲವರೇ ಸಿಕ್ಕಿದುದು ನನ್ನ ಪುಣ್ಯ. ಅದೇಕೆಂಬುದು ಮುಂದೆ ತಿಳಿಯುತ್ತದೆ. ಮೊದಲ ದಿನವೇ ಕಣ್ಣೆದುರು ಏನಾದರೂ ಆಡಿಸುವರೆಂದು ನಾನು ಸಿದ್ಧನಾಗಿ ಹೋಗಿದ್ದೆನು. ಅವರು ಎರಡು ವಾರ ಅದರ ಮಾತನ್ನೇ ಎತ್ತಲಿಲ್ಲ. ನಿದ್ರೆ, ಊಟ, ನುಂಗುವ ಮಾತ್ರೆಗಳು, ಫಿಟ್ಸ್ ಬಂದುದುಂಟೇ, ಕಣ್ಣಿನ ನೋವುಂಟೇ, ಇದ್ದಕ್ಕಿದ್ದಂತೆ ಎಲ್ಲಿದ್ದೇನೆಂಬುದೇ ಮರೆಯುವುದುಂಟೇ, ಪ್ರಾಣ ಕಳೆದುಕೊಳ್ಳಬೇಕೆಂಬ ಯೋಚನೆ ಬಂದುದುಂಟೇ, ಮನೆಯಲ್ಲಿ ಜೊತೆಗೆ ಯಾರಿದ್ದಾರೆ, ಬಾಲ್ಯದಲ್ಲಿ ಬೇರೆ ಕಷ್ಟಗಳುಂಟೇ ಎಂದು ಒಂದೊಂದನ್ನೂ ವಿಚಾರಿಸಿ ಬರೆದುಕೊಂಡರು. ರಕ್ತದೊತ್ತಡದ ಮಾತ್ರೆಯನ್ನಾಗಲಿ, ನಿದ್ರೆಗೆಂದು ವೈದ್ಯರು ಕೊಟ್ಟುದನ್ನಾಗಲಿ ನನ್ನಷ್ಟಕ್ಕೆ ನಾನೇ ಬಿಡಕೂಡದೆಂದರು. ಇದು ಸಂಮೋಹನವಲ್ಲ, ನೀವು ಪೂರ್ತಿ ಎಚ್ಚರವಾಗಿಯೇ ಇರುತ್ತೀರಿ, ಸಾಕೆನಿಸಿದಾಗ ಕೈ ಎತ್ತಿದರೆ ಅಲ್ಲಿಯೇ ನಿಲ್ಲಿಸುತ್ತೇನೆ ಎಂದರು. ನಡೆದುದನ್ನು ಎಳೆಎಳೆಯಾಗಿ ಹೇಳಬೇಕಾಗಿಲ್ಲ, ಏನು ಬಂತೆಂಬುದನ್ನು ಒಂದೆರಡು ಮಾತಿನಲ್ಲಿ ಹೇಳಿದರೆ ಸಾಕು ಎಂದೂ ಹೇಳಿದರು. ಬಾಯಿ ಕಟ್ಟಿದವನಿಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ.

ಮೂರನೆಯ ಸಲ ಸಿದ್ಧತೆ. ಮನಸ್ಸಿಗೆ ಶಾಂತವೆನಿಸುವ ಒಂದು ಸ್ಥಳವನ್ನು ನೆನೆಯಿರಿ ಎಂದರು. ನಮ್ಮ ಮನೆಯ ಜಗಲಿ ಎಂದೆನು. ಎರಡು ಉಸಿರಿನೊಳಗೆ ಹೆಂಚಿನ ಮೇಲೆ ಮಳೆ ಶುರುವಾಯಿತು! ಅದು ಬೇಡವೆಂದು ಬಿಟ್ಟು, ಮಾರ್ಚಿ ತಿಂಗಳ ಪರೀಕ್ಷೆಯ ಕೊಠಡಿಯನ್ನು ಆರಿಸಿಕೊಂಡೆನು: ಬಿಸಿಲು, ಕಿಟಕಿಯಾಚೆ ಮಾವಿನ ಮರ, ನಲವತ್ತು ಮಕ್ಕಳ ಲೇಖನಿಗಳ ಸದ್ದು, ನನಗೆ ಮಾಡುವ ಕೆಲಸವೇನೂ ಇಲ್ಲ. ಅರ್ಧಕ್ಕೆ ನಿಂತ ನೆನಪುಗಳನ್ನು ಮುಂದಿನ ವಾರದವರೆಗೆ ಇಡಲು ಒಂದು ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಿ ಎಂದರು. ಪ್ರಶ್ನಪತ್ರಿಕೆಗಳನ್ನಿಟ್ಟು ಅರಗಿನ ಮುದ್ರೆ ಹಾಕುವ ಕಬ್ಬಿಣದ ಟ್ರಂಕು ನನಗೆ ಒಡನೆಯೇ ಹೊಳೆಯಿತು. ಮನೆಯಲ್ಲಿ ಗಾಬರಿಯಾದಾಗ ಎದೆಯ ಮೇಲೆ ಕೈಗಳನ್ನು ಅಡ್ಡಹಾಕಿ ಎರಡು ಭುಜಗಳನ್ನು ಒಂದಾದ ಮೇಲೊಂದು ಮೆಲ್ಲಗೆ ತಟ್ಟಿಕೊಳ್ಳುವುದನ್ನೂ ಕಲಿಸಿದರು. ಮೆಕ್ಸಿಕೋದ ಅಕಾಪುಲ್ಕೋ ನಗರದಲ್ಲಿ ೧೯೯೭ರ ಚಂಡಮಾರುತದಲ್ಲಿ ನೊಂದವರ ನಡುವೆ ಕೆಲಸ ಮಾಡಿದವರು ಇದನ್ನು ರೂಪಿಸಿದರಂತೆ. ಚಿಟ್ಟೆಯ ಅಪ್ಪುಗೆ ಎಂದು ಇದರ ಹೆಸರು. ಗಣಪತಿಯ ಮುಂದೆ ಕೈ ಅಡ್ಡಹಾಕಿ ಕಿವಿ ಹಿಡಿಯುವುದು ನನಗೆ ನೆನಪಾಗಿ ನಗು ಬಂದಿತು. ಅವರೂ ನಕ್ಕರು.

ಆಮೇಲೆ ಅಂಕ ಹಾಕುವ ಕೆಲಸ. ಆ ದಿನದ ದೃಶ್ಯಗಳಲ್ಲಿ ಅತ್ಯಂತ ಘೋರವಾದುದು ಯಾವುದು ಎಂದರು. ಬರಿದಾದ ನನ್ನ ಕೈ ಎಂದೆನು. ಅದನ್ನು ನೋಡುವಾಗ ನಿಮ್ಮ ವಿಷಯದಲ್ಲಿ ನಿಮಗೆ ಹೊಳೆಯುವ ಮಾತೇನು ಎಂದರು. ನಾನು ಮೇಷ್ಟರಂತೆ ಉದ್ದವಾದ ವಾಕ್ಯವೊಂದನ್ನು ಹೇಳಿದೆನು. ಅವರು ಅದನ್ನು ಚಿಕ್ಕದು ಮಾಡಿಸಿದರು, ಮತ್ತೂ ಚಿಕ್ಕದು ಮಾಡಿಸಿದರು. ಕಡೆಗೆ ಉಳಿದುದು ಮೂರು ಶಬ್ದ: "ನಾನು ಕೈ ಬಿಟ್ಟೆ." ಅದಕ್ಕೆ ಬದಲಾಗಿ ಏನನ್ನು ನಂಬಲು ಇಷ್ಟಪಡುತ್ತೀರಿ ಎಂದರೆ, "ನನ್ನಿಂದಾದುದನ್ನು ಮಾಡಿದೆ" ಎಂದೆನು, ಅದು ಎಷ್ಟು ನಿಜವೆನಿಸುತ್ತದೆ ಎಂದು ಒಂದರಿಂದ ಏಳರೊಳಗೆ ಹೇಳಬೇಕಾದಾಗ ಎರಡು ಎಂದೆನು. ಸಂಕಟವೆಷ್ಟು ಎಂದು ಸೊನ್ನೆಯಿಂದ ಹತ್ತರೊಳಗೆ ಕೇಳಿದುದಕ್ಕೆ ಒಂಬತ್ತು. ದೇಹದಲ್ಲಿ ಎಲ್ಲಿ? ಬಲಗೈಯ ಮೊಣಕೈವರೆಗೆ, ಮತ್ತು ಗಂಟಲಿನಲ್ಲಿ. ಜೀವಮಾನವೆಲ್ಲ ಪರರ ಉತ್ತರಗಳಿಗೆ ಅಂಕ ಹಾಕಿದವನು ತನ್ನ ದುಃಖಕ್ಕೆ ತಾನೇ ಅಂಕ ಹಾಕಿಕೊಂಡುದಾಯಿತು.

ನಾಲ್ಕನೆಯ ವಾರದಿಂದ ಕಣ್ಣಿನ ಕೆಲಸ ಮೊದಲಾಯಿತು. ಅವರು ನನ್ನ ಎದುರಿಗೆ ನೇರವಾಗಿ ಕುಳಿತುಕೊಳ್ಳದೆ ಸ್ವಲ್ಪ ಪಕ್ಕಕ್ಕೆ ಕುರ್ಚಿಯನ್ನು ಎಳೆದುಕೊಂಡು, ಎರಡು ಬೆರಳುಗಳನ್ನು ನನ್ನ ಮುಖದಿಂದ ಒಂದು ಮೊಳ ದೂರದಲ್ಲಿ ಹಿಡಿದು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಆಡಿಸಿದರು. ತಲೆ ಅಲುಗಿಸಬಾರದು, ಕಣ್ಣಾಲಿಗಳು ಮಾತ್ರ ಬೆರಳನ್ನು ಹಿಂಬಾಲಿಸಬೇಕು. ಮನಸ್ಸಿನಲ್ಲಿ ಆ ದೃಶ್ಯ, ಆ ಮೂರು ಶಬ್ದ, ಕೈಯ ನೋವು. "ಏನು ಬರತದ ಬರಲಿ, ನೀವು ತಡೀಬ್ಯಾಡ್ರಿ. ರೈಲಿನಾಗ ಕೂತು ಹೊರಗ ನೋಡತೀರಲ್ಲ, ಹಂಗ ನೋಡ್ರಿ" ಎಂದರು. ಅರ್ಧ ನಿಮಿಷದಷ್ಟು ಹೊತ್ತು ಹೀಗೆ ಆಡಿಸಿ ನಿಲ್ಲಿಸುವರು. ಒಂದು ದೀರ್ಘವಾದ ಉಸಿರು. "ಈಗ ಏನು ಬಂತ್ರಿ?" ನಾನು ಹೇಳಿದುದನ್ನು ಅವರು ವಿವರಿಸುವುದಿಲ್ಲ, ಸಮಾಧಾನ ಹೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ. "ಅದರ ಜೋಡಿನ ಹೋಗ್ರಿ" ಎನ್ನುವರು. ಬೆರಳು ಮತ್ತೆ ಹೊರಡುವುದು. ಕಣ್ಣು ದಣಿದಾಗ ಅಂಗೈಗಳ ಮೇಲೆ ಒಂದಾದ ಮೇಲೊಂದರಂತೆ ತಟ್ಟುವ ಪದ್ಧತಿಯೂ ಇದೆ. ಬಲಗೈಯನ್ನು ಮುಟ್ಟಗೊಡಲು ನಾನು ಒಪ್ಪಲಿಲ್ಲ. ಅವರು ಏಕೆಂದು ಕೇಳಲಿಲ್ಲ.

ಏನು ಬಂದಿತು? ಮೊದಲು ಹಳ್ಳವೇ ಬಂದಿತು, ಎಂದಿಗಿಂತ ಕೆಂಪಗೆ. ಆಮೇಲೆ ಕೆಸರಿನ ವಾಸನೆ. ಮೂರನೆಯ ಸುತ್ತಿನಲ್ಲೋ ನಾಲ್ಕನೆಯದರಲ್ಲೋ ಹಳ್ಳವೂ ಇಲ್ಲ, ಮಳೆಯೂ ಇಲ್ಲ. ನಮ್ಮೂರಿನ ತೇರಿನ ಜಾತ್ರೆ! ನನಗೆ ಹತ್ತೊಂಬತ್ತು, ಅವನಿಗೆ ಐದು. ಜನಸಂದಣಿಯಲ್ಲಿ ಅಮ್ಮನು ಅವನ ಕೈಯನ್ನು ನನ್ನ ಕೈಯಲ್ಲಿಟ್ಟು, "ತಮ್ಮನ ಕೈ ಬಿಡಬೇಡ" ಎನ್ನುತ್ತಿದ್ದಾಳೆ. ನಲವತ್ತೆಂಟು ವರ್ಷ ನಾನು ನೆನೆಯದಿದ್ದ ಮಾತು. ಅದು ಬಂದ ಮೇಲೆ ನಾನು ಆ ಕುರ್ಚಿಯಲ್ಲಿ ಕುಳಿತು ಅತ್ತುದನ್ನು ಇಲ್ಲಿ ವರ್ಣಿಸುವುದಿಲ್ಲ.

ಕನ್ನಡ ಮೇಷ್ಟರಾದವರು ಗಮನಿಸಬೇಕಾದುದು ಇಲ್ಲಿಯೇ ಇದೆ. ಕೈ ಬಿಡುವುದೆಂದರೆ ಹಿಡಿತವನ್ನು ಸಡಿಲಿಸುವುದೂ ಹೌದು, ದಿಕ್ಕಿಲ್ಲದಂತೆ ತೊರೆಯುವುದೂ ಹೌದು. ನುಡಿಗಟ್ಟುಗಳ ಪಾಠದಲ್ಲಿ ಇದನ್ನು ನಾನೇ ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ನನ್ನೊಳಗೆ ಆ ಎರಡು ಅರ್ಥಗಳೂ ಹೆಣೆದುಕೊಂಡು ಒಂದೇ ಹುರಿಯಾಗಿದ್ದುದನ್ನು ಮಾತ್ರ ಕಂಡಿರಲಿಲ್ಲ. ಇಂಗ್ಲಿಷಿನಲ್ಲಿ ಈ ಚಿಕಿತ್ಸೆ ನಡೆದಿದ್ದರೆ ಆ ಮೂರು ಶಬ್ದಗಳೂ ಬರುತ್ತಿರಲಿಲ್ಲ, ಅಮ್ಮನ ಮಾತೂ ಬರುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಸಂಕಟದ ಅಂಕವು ಆ ದಿನ ಆರಕ್ಕೆ ಇಳಿಯಿತು. ಆದರೆ ವಾಚಕರು ಇದನ್ನು ಸುಲಭವಾದ ಇಳಿಜಾರೆಂದು ತಿಳಿಯಬಾರದು. ಚಿಕಿತ್ಸಕರು ಮೊದಲೇ ಎಚ್ಚರಿಸಿದ್ದರು: ವಾರದ ನಡುವೆ ಕನಸು ಹೆಚ್ಚಬಹುದು, ಹಳೆಯ ಬೇರೆ ನೆನಪುಗಳು ಏಳಬಹುದು, ತಲೆ ಭಾರವಾಗಬಹುದು. ನನಗೆ ಎಲ್ಲವೂ ಆದವು. ಮೆಟ್ರೋದಲ್ಲಿ ಇಳಿಯಬೇಕಾದ ನಿಲ್ದಾಣವು ಎರಡು ಸಲ ತಪ್ಪಿಹೋಯಿತು. ಆ ಮೇಲೆ ಅಳಿಯನೇ ಬಂದು ಕರೆದೊಯ್ಯತೊಡಗಿದನು. ಐದನೆಯ ವಾರದ ಒಂದು ರಾತ್ರಿ ನಾನು ಕೂಗಿಕೊಂಡು ಎದ್ದುದನ್ನು ಕಂಡು ಮಡದಿಯು, "ಇದ್ದ ನೋವೇ ಸಾಕು, ದುಡ್ಡು ಕೊಟ್ಟು ಇನ್ನಷ್ಟು ತರಬೇಕೇ? ಊರಿಗೆ ಹೋಗೋಣ ನಡೆಯಿರಿ" ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಚಿಕಿತ್ಸಕರಿಗೆ ತಿಳಿಸಿದಾಗ ಅವರು ಮುಂದಿನ ವಾರ ಬೆರಳೆತ್ತದೆ, ಪರೀಕ್ಷೆಯ ಕೊಠಡಿಯಲ್ಲಿಯೇ ನನ್ನನ್ನು ಒಂದು ಗಂಟೆ ಕೂರಿಸಿದರು.

ಆ ಬಳಿಕದ ವಾರ ನಡೆದುದನ್ನು ಹೇಳಬೇಕು. ತಮ್ಮನು ಹೋದ ದಿನ ನೆರೆಯವನು ನನ್ನನ್ನು ಮೇಲಕ್ಕೆಳೆದಾಗ ನನ್ನ ಮುಷ್ಟಿಯಲ್ಲಿ ಅವನ ಕೈಗಡಿಯಾರವಿದ್ದಿತು. ಸ್ಟೀಲಿನ ಚೈನು ಕೊಂಡಿ ಬಿಚ್ಚಿಕೊಂಡು ಬಂದುಬಿಟ್ಟಿತ್ತು. ಅದರ ಅಂಚು ಕೊಯ್ದ ಗಾಯದ ಗೆರೆ ನನ್ನ ಅಂಗೈಯಲ್ಲಿ ಈಗಲೂ ಇದೆ. ಗಡಿಯಾರವು ಬೀರುವಿನಲ್ಲಿದೆ ಎಂಬುದನ್ನು ನಾನು ಎಂದೂ ಮರೆತಿರಲಿಲ್ಲ. ನಾನು ಕೈ ಬಿಟ್ಟೆ ಎಂಬುದನ್ನೂ ಮರೆತಿರಲಿಲ್ಲ. ನಾಲ್ಕೂವರೆ ವರ್ಷ ಈ ಎರಡು ಸಂಗತಿಗಳು ಒಂದೇ ತಲೆಯಲ್ಲಿ ವಾಸವಾಗಿದ್ದುವು, ಒಂದಕ್ಕೊಂದು ಭೇಟಿಯಾಗಿರಲಿಲ್ಲ. ಬೆರಳು ಆಡುತ್ತಿತ್ತು, ನಾನು ಬರಿದಾದ ಕೈಯನ್ನು ನೋಡುತ್ತಿದ್ದೆನು. ನೋಡುತ್ತಿದ್ದಂತೆ ಕೈ ಬರಿದಾಗಿಲ್ಲ ಎಂಬುದು ಕಂಡಿತು. ಮುಷ್ಟಿ ಬಿಗಿದಿದೆ. ಬಿಟ್ಟ ಕೈಯಾಗಿದ್ದರೆ ಅದರಲ್ಲಿ ಗಡಿಯಾರವೇಕೆ ಉಳಿಯುತ್ತಿತ್ತು? "ಈಗ ಏನು ಬಂತ್ರಿ?" ಎಂದರು. "ಕೈ ಜಾರಿತು, ನಾನು ಬಿಡಲಿಲ್ಲ" ಎಂದೆನು. ಅವರು ಎಂದಿನಂತೆಯೇ, "ಅದರ ಜೋಡಿನ ಹೋಗ್ರಿ" ಎಂದರು. ಇದನ್ನು ಯಾರಾದರೂ ನನಗೆ ಬೋಧಿಸಿದ್ದರೆ ನಂಬುತ್ತಿರಲಿಲ್ಲ. ನೆರೆಯವನೂ ಮಡದಿಯೂ ಇದನ್ನೇ ನೂರು ಸಲ ಹೇಳಿದ್ದರು.

ಅಂಕವು ಮೂರಕ್ಕೆ ಬಂದಿತು. ಅಲ್ಲಿ ನಾನು ಹಟ ಹಿಡಿದೆನು. ಮೂರರಿಂದ ಕೆಳಗೆ ಇಳಿಯುವುದು ನನಗೆ ಬೇಡವಾಗಿತ್ತು. ನೋವೂ ಹೋದರೆ ತಮ್ಮನದೆಂದು ನನ್ನಲ್ಲಿ ಉಳಿಯುವುದೇನು? ಇದುವರೆಗೆ ಪ್ರತಿ ರಾತ್ರಿ ಅವನು ಬರುತ್ತಿದ್ದನು, ಮುಳುಗುತ್ತಲೇ ಆದರೂ ಬರುತ್ತಿದ್ದನು. ಅದನ್ನೂ ಕಳೆದುಕೊಂಡು ಹಾಯಾಗಿ ನಿದ್ರಿಸುವ ಅಣ್ಣನಾಗುವುದು ನಿಜವಾಗಿಯೂ ಕೈ ಬಿಟ್ಟಂತೆಯೇ ಅಲ್ಲವೇ? ಸಂಜೆ ನನ್ನ ಮನೆಗೆ ಬಂದ ಆ ಇಬ್ಬರ ಧ್ವನಿಯಲ್ಲಿದ್ದ ಭಯವೂ ಇದೇ ಎಂದು ನಾನು ಬಲ್ಲೆನು. ಚಿಕಿತ್ಸಕರು ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮ ಜಾಗಾದಾಗ ನಿಮ್ಮ ತಮ್ಮ ಇದ್ದು, ಹಳ್ಳದಾಗ ನೀವು ಹೋಗಿದ್ರ, ಅವರಿಗೆ ನೀವು ಏನು ಹೇಳತಿದ್ರಿ ಸರ?" ಎಂದು ಕೇಳಿ ಬೆರಳನ್ನೆತ್ತಿದರು. ನಾನು ಅವನಿಗೆ ಏನು ಹೇಳಿದೆನೆಂಬುದು ನನಗೂ ಅವನಿಗೂ ಸೇರಿದ ಮಾತು. ಆ ಸುತ್ತು ಮುಗಿದ ಮೇಲೆ ಅವನು ಬಂದನು. ಮುಳುಗುತ್ತಿರಲಿಲ್ಲ. ಅಡಕೆ ಸುಲಿಯುವ ರಾತ್ರಿ ಎಲ್ಲರನ್ನೂ ನಗಿಸುತ್ತಾ ಕುಳಿತಿರುತ್ತಿದ್ದನಲ್ಲ, ಹಾಗೆ ಬಂದನು. ನಾಲ್ಕೂವರೆ ವರ್ಷದಲ್ಲಿ ಅವನ ನಗುವನ್ನು ನಾನು ನೆನೆಯಲಾಗಿರಲಿಲ್ಲ. ಹಳ್ಳವು ಅದಕ್ಕೆ ಅಡ್ಡವಾಗಿ ಹರಿಯುತ್ತಿತ್ತು.

ಕಡೆಯಲ್ಲಿ ಅಂಕವು ಒಂದಕ್ಕೆ ನಿಂತಿತು. ಸೊನ್ನೆಯಾಗಲಿಲ್ಲ. ತಮ್ಮನು ಸತ್ತುದಕ್ಕೆ ಒಂದಾದರೂ ಇರಬೇಡವೇ ಎಂದೆನು, ಅವರು ಒಪ್ಪಿದರು. ಇಂತಹ ಸಂದರ್ಭದಲ್ಲಿ ಒಂದು ಉಳಿಯುವುದು ಸಹಜವೆಂದೇ ಈ ಶಾಸ್ತ್ರದವರೂ ಎಣಿಸುತ್ತಾರಂತೆ. ಆಮೇಲೆ ಹೊಸ ಮಾತನ್ನು ನೆಲೆಗೊಳಿಸುವುದು, ಅಡಿಯಿಂದ ಮುಡಿಯವರೆಗೆ ದೇಹದಲ್ಲಿ ಬಿಗಿ ಉಳಿದಿದೆಯೇ ಎಂದು ಗಮನಿಸುವುದು, ಮಳೆಯ ಸದ್ದು, ಸೇತುವೆ ಮೊದಲಾದ ಇಂದಿನ ಭಯಗಳನ್ನೂ, ನಾಳೆ ಸಂಕದ ಮೇಲೆ ಕಾಲಿಡುವ ದೃಶ್ಯವನ್ನೂ ಹೀಗೆಯೇ ಬೆರಳಿನೆದುರು ತರುವುದು, ಇವಕ್ಕೆಲ್ಲ ಎರಡು ವಾರ ಹಿಡಿಯಿತು. ಒಟ್ಟು ಹನ್ನೊಂದು ಭೇಟಿಗಳು. ಒಂದೊಂದೂ ಒಂದು ಗಂಟೆಯಿಂದ ಒಂದೂವರೆ ಗಂಟೆ. ನನ್ನದು ಒಂದೇ ದಿನದ ಆಘಾತ. ಬಾಲ್ಯದಿಂದ ವರ್ಷಗಟ್ಟಲೆ ನೊಂದವರಿಗೆ ಇದಕ್ಕಿಂತ ಬಹಳ ಹೆಚ್ಚಿನ ಕಾಲ ಬೇಕಾಗುತ್ತದೆ. ಕೆಲವರಿಗೆ ಇದು ಒಗ್ಗುವುದೂ ಇಲ್ಲ.

ಕಣ್ಣಾಡಿಸಿದರೆ ದುಃಖ ಕರಗುವುದು ಹೇಗೆ ಎಂದು ಕೇಳುವವರಿಗೆ ವಿದ್ವಾಂಸರೇ ಒಂದು ಬಾಯಲ್ಲಿ ಉತ್ತರ ಕೊಟ್ಟಿಲ್ಲ. ೨೦೦೧ರಲ್ಲಿ ಅಂದಿನವರೆಗಿನ ಪ್ರಯೋಗಗಳನ್ನೆಲ್ಲ ತೂಗಿ ನೋಡಿದ ಇಬ್ಬರು, ಚಿಕಿತ್ಸೆಯಿಂದ ಗುಣವಾಗುವುದು ನಿಜ, ಆದರೆ ಕಣ್ಣಿನ ಚಲನೆಯಿಂದ ವಿಶೇಷವೇನೂ ಸೇರುವುದಿಲ್ಲ ಎಂದರು; ೨೦೧೩ರಲ್ಲಿ ಹಾಗೆಯೇ ತೂಗಿದ ಮತ್ತಿಬ್ಬರು, ಸೇರುತ್ತದೆ ಎಂದರು. ನನಗೆ ಒಪ್ಪಿಗೆಯಾದ ವಿವರಣೆಯು ಯಾವುದೆಂದರೆ, ಒಂದು ಹೊತ್ತಿನಲ್ಲಿ ಮನಸ್ಸು ಹಿಡಿದಿಡಬಲ್ಲುದು ಸ್ವಲ್ಪವೇ. ನೆನಪನ್ನು ಹಿಡಿದುಕೊಂಡೇ ಓಡುವ ಬೆರಳನ್ನೂ ಹಿಂಬಾಲಿಸಬೇಕಾದಾಗ ನೆನಪಿಗೆ ಸಲ್ಲುವ ಪಾಲು ಕಡಿಮೆಯಾಗಿ ಅದರ ಬಣ್ಣ ಮಾಸುತ್ತದೆ, ಮಾಸಿದ ರೂಪದಲ್ಲಿಯೇ ಅದು ಮತ್ತೆ ಒಳಗೆ ಸೇರುತ್ತದೆ ಎಂಬುದು. ಹಾಗಾದರೆ ಕಣ್ಣೇ ಆಗಬೇಕೆಂದಿಲ್ಲ, ಮನಸ್ಸನ್ನು ದುಡಿಸುವ ಬೇರೆ ಕೆಲಸವೂ ಆದೀತು. ಪ್ರಯೋಗಗಳಲ್ಲಿ ಹಾಗೆ ಆಗಿಯೂ ಇದೆ. ನಮ್ಮ ಮಲೆನಾಡಿನ ಹಿರಿಯರು ಚಳಿಜ್ವರಕ್ಕೆ ಕ್ವಿನೈನ್ ನುಂಗಿದರು. ಸಿಂಕೋನಾ ತೊಗಟೆಯು ಜ್ವರವನ್ನಿಳಿಸುವುದೆಂದು ಯೂರೋಪಿನವರಿಗೆ ಹದಿನೇಳನೆಯ ಶತಮಾನದಲ್ಲಿಯೇ ತಿಳಿದಿತ್ತು. ಸೊಳ್ಳೆಯ ಹೊಟ್ಟೆಯಲ್ಲಿ ಆ ಜ್ವರದ ಕ್ರಿಮಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುದು ೧೮೯೭ರಲ್ಲಿ. ನಡುವಿನ ಇನ್ನೂರು ವರ್ಷಗಳಲ್ಲಿ ಬದುಕಿದವರು ಬದುಕಿದರು. ಆದರೆ ಕ್ವಿನೈನನ್ನೂ ಬಲ್ಲವರ ಕೈಯಿಂದಲೇ ತೆಗೆದುಕೊಳ್ಳಬೇಕು. ಫೋನಿನಲ್ಲಿ ಬಿಳಿಯ ಚುಕ್ಕೆಯೊಂದು ಓಡಾಡುವ ಚಿತ್ರವನ್ನು ಹಾಕಿ, ಮನೆಯಲ್ಲಿಯೇ ಮಾಡಿಕೊಳ್ಳಿ ಎನ್ನುವವರು ಈಗ ಬಹಳ ಮಂದಿ. ಐದನೆಯ ವಾರದ ನನ್ನ ರಾತ್ರಿಯನ್ನು ನೆನೆದರೆ, ಯಾರೂ ಅದಕ್ಕೆ ಒಬ್ಬರೇ ಕೈಹಾಕಬಾರದೆನಿಸುತ್ತದೆ. ಇದರಲ್ಲಿ ಕ್ರಮವಾಗಿ ತರಬೇತಾದ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. ಎಲ್ಲಿಗೆ ಹೋಗಬೇಕೆಂದೇ ತಿಳಿಯದವರು ೨೦೨೨ರಲ್ಲಿ ಸರ್ಕಾರವು ಆರಂಭಿಸಿದ ಟೆಲಿ-ಮಾನಸ್‌ನ ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು; ಅದಕ್ಕೆ ಹಣವಿಲ್ಲ.

ಊರಿಗೆ ಬಂದ ಮೇಲೆ ಜೂನ್ ತಿಂಗಳ ಮೊದಲ ಮಳೆಗೆ ನಾನು ಜಗಲಿಯಲ್ಲಿಯೇ ಕುಳಿತಿದ್ದೆನು. ಮೈ ಬಿಗಿಯಿತು, ಬೆವರಿತು. ಆದರೆ ಜಗಲಿಯು ಜಗಲಿಯಾಗಿಯೇ ಉಳಿಯಿತು. ಮಳೆಯನ್ನು ನಾನು ಪ್ರೀತಿಸುತ್ತೇನೆಂದು ಹೇಳಲಾರೆನು.

ಆಗಸ್ಟಿನಲ್ಲಿ ತಮ್ಮನ ಶ್ರಾದ್ಧಕ್ಕೆ ಅವನ ಮಗಳು ಬಂದಿದ್ದಳು. ಮಧ್ಯಾಹ್ನ ನೆಂಟರೆಲ್ಲ ಮಲಗಿದ ಮೇಲೆ ನಾನೇ ಅವಳನ್ನು ಕರೆದು, "ಬಾ ಮಗು, ಆ ದಿನದ್ದು ಕೇಳಿದೆಯಲ್ಲ" ಎಂದು ಕೂರಿಸಿಕೊಂಡು ಮೊದಲಿನಿಂದ ಹೇಳಿದೆನು: ದನಗಳ ಹಗ್ಗ, ಸಂಕ, ಕುಸಿದ ದಡ, ಮಣಿಕಟ್ಟು. ಧ್ವನಿ ಎರಡು ಸಲ ನಿಂತಿತು, ಮತ್ತೆ ಹೊರಟಿತು. ಅವಳು ಅಳುತ್ತಲೇ ಕೇಳಿ, "ಅಪ್ಪ ಏನಾದರೂ ಅಂದರಾ, ದೊಡ್ಡಪ್ಪಾ?" ಎಂದಳು. ಅಂದಿದ್ದನು. "ಹಿಂದೆ ಸರಿ ಅಣ್ಣಾ, ದಡ ಕುಸಿಯುತ್ತದೆ" ಎಂದು ಕೂಗಿದ್ದನು; ಕಾಲು ಹಿಡಿದಿದ್ದ ನೆರೆಯವನೂ ಕೇಳಿದ್ದನು. ಐದು ವರ್ಷದಲ್ಲಿ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಬೀರುವಿನಿಂದ ಗಡಿಯಾರವನ್ನು ತಂದು ಅವಳ ಕೈಯಲ್ಲಿಟ್ಟೆನು. ಅವಳು ಅದನ್ನು ಹೊರಳಿಸಿ ನೋಡಿ, ಬಿಚ್ಚಿಕೊಂಡ ಕೊಂಡಿಯನ್ನು ಉಗುರಿನಿಂದ ಮುಟ್ಟಿ, "ಪೇಟೆಯಲ್ಲಿ ಇದನ್ನು ಕೂಡಿಸಿಕೊಡುತ್ತಾರಾ?" ಎಂದು ಕೇಳಿದಳು. ಕೂಡಿಸುತ್ತಾರೆ, ನಾಳೆ ಹೋಗೋಣ ಎಂದೆನು. ದುಪಟ್ಟಾದ ತುದಿಯಲ್ಲಿ ಅದನ್ನು ಗಂಟು ಹಾಕಿಕೊಂಡು ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.